ಐರ್ಲೆಂಡಿನ ಗರ್ಭಪಾತ ಕಾನೂನನ್ನು ವಿಶ್ವಸಂಸ್ಥೆ ರದ್ದು ಮಾಡಿತೇ? ಇಲ್ಲಿದೆ ವಾಸ್ತವ

‘ಬೆಳಗಾವಿಯ ಸವಿತಾ ಸಾವಿನ ನಂತರ ವಿಶ್ವಸಂಸ್ಥೆ ಆದೇಶ ಹೊರಡಿಸಿ ಐರ್ಲೆಂಡಿನ ಕಾನೂನನ್ನೇ ಬದಲಿಸಿತು’ ಎಂಬರ್ಥದ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದು ಅರ್ಧ ಸತ್ಯ. ಕಾನೂನು ಬದಲಾಗಿದ್ದು ನಿಜ, ಬದಲಿಸಿದ್ದು ವಿಶ್ವಸಂಸ್ಥೆಯಲ್ಲ.

ಸವಿತಾ ಪ್ರಕರಣವೇನು?

ದಂತವೈದ್ಯೆ ಸವಿತಾ ಹಾಲಪ್ಪನವರ್ 17 ವಾರಗಳ ಗರ್ಭಿಣಿಯಾಗಿದ್ದಾಗ ಐರ್ಲೆಂಡಿನ ಗಾಲ್ವೇ ನಗರದಲ್ಲಿ ಆಸ್ಪತ್ರೆಗೆ ದಾಖಲಾದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದ್ದರು. ಆದರೂ ಭ್ರೂಣದ ಎದೆಬಡಿತ ಇದೆ ಎಂಬ ಕಾರಣಕ್ಕೆ ಗರ್ಭಪಾತದ ಕೋರಿಕೆಯನ್ನು ಒಪ್ಪಲಿಲ್ಲ. ಸೋಂಕು ರಕ್ತಕ್ಕೆ ಹರಡಿ 2012ರ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಚಿಕಿತ್ಸೆಯ ನಿಗಾದಲ್ಲೂ ಲೋಪಗಳಿದ್ದವು ಎಂದು ನಂತರದ ತನಿಖೆ ಹೇಳಿತು. ತಾಯಿ ಮತ್ತು ಭ್ರೂಣದ ಜೀವಕ್ಕೆ ಸಮಾನ ಹಕ್ಕು ಕೊಟ್ಟಿದ್ದ 1983ರ ಸಂವಿಧಾನ ತಿದ್ದುಪಡಿ ಆಗ ಜಾರಿಯಲ್ಲಿತ್ತು.

ವಿಶ್ವಸಂಸ್ಥೆ ಹೇಳಿದ್ದೇನು?

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯಲ್ಲಿ 18 ಸ್ವತಂತ್ರ ತಜ್ಞರಿದ್ದಾರೆ. ಈ ಸಮಿತಿ 2016ರಲ್ಲಿ ಅಭಿಪ್ರಾಯ ನೀಡಿದ್ದು ಸವಿತಾ ಪ್ರಕರಣದಲ್ಲಲ್ಲ, ಅಮಂಡಾ ಮೆಲೆಟ್ ಎಂಬವರ ದೂರಿನಲ್ಲಿ. ಭ್ರೂಣ ಬದುಕುವುದಿಲ್ಲ ಎಂದು ತಿಳಿದ ಮೇಲೂ ಅವರು ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಹೋಗಬೇಕಾಗಿತ್ತು. ಇದು ಕ್ರೂರ, ಅಮಾನವೀಯ ನಡವಳಿಕೆ ಎಂದ ಸಮಿತಿ, ಪರಿಹಾರ ಕೊಡಿ, ಕಾನೂನು ತಿದ್ದಿ ಎಂದಿತು. ಐರ್ಲೆಂಡ್ ಸರ್ಕಾರ 30,000 ಯೂರೋ ಪರಿಹಾರ ನೀಡಿತು.

ಆದರೆ ಸಮಿತಿ ನ್ಯಾಯಾಲಯವಲ್ಲ. ಅದರ ಮಾತಿಗೆ ತೂಕವಿದೆ, ಒತ್ತಡ ತರುವ ಶಕ್ತಿಯಿದೆ. ಯಾವುದೇ ದೇಶದ ಕಾನೂನನ್ನು ರದ್ದು ಮಾಡುವ ಅಧಿಕಾರ ಮಾತ್ರ ಇಲ್ಲ.

ಹಾಗಾದರೆ ಬದಲಿಸಿದ್ದು ಯಾರು?

ಐರ್ಲೆಂಡಿನ ಮತದಾರರು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮಂದಿ ಆ ತಿದ್ದುಪಡಿಯನ್ನು ತೆಗೆದುಹಾಕಲು ಮತ ಹಾಕಿದರು. ಆ ಪ್ರಚಾರದುದ್ದಕ್ಕೂ ಸವಿತಾ ಅವರ ಚಿತ್ರ ಎದ್ದು ಕಾಣುತ್ತಿತ್ತು. ಸಂಸತ್ತು ಹೊಸ ಕಾನೂನು ಮಾಡಿತು. 2019ರ ಜನವರಿ 1ರಿಂದ 12 ವಾರಗಳವರೆಗಿನ ಗರ್ಭಪಾತಕ್ಕೆ ಕಾರಣ ಹೇಳಬೇಕಿಲ್ಲ.

ಭಾರತದವರು ಈ ಸಮಿತಿಗೆ ದೂರು ಕೊಡಬಹುದೇ?

ಇಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದವನ್ನು ಭಾರತ 1979ರಲ್ಲೇ ಒಪ್ಪಿದೆ. ಆದರೆ ವೈಯಕ್ತಿಕ ದೂರಿಗೆ ಅವಕಾಶ ಕೊಡುವ ಹೆಚ್ಚುವರಿ ಒಪ್ಪಂದಕ್ಕೆ ಸೇರಿಲ್ಲ. ನಮ್ಮಲ್ಲಿ ದಾರಿ ಇರುವುದು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗಳಲ್ಲಿ.

ನಮ್ಮ ಕಾನೂನು 1971ರದ್ದು, 2021ರಲ್ಲಿ ತಿದ್ದುಪಡಿಯಾಗಿದೆ. 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಮುಖ್ಯ ವಿಷಯವೆಂದರೆ, ತಾಯಿಯ ಜೀವ ಉಳಿಸಲು ತಕ್ಷಣ ಗರ್ಭಪಾತ ಅಗತ್ಯವಿದ್ದರೆ ಈ ವಾರಗಳ ಮಿತಿ ಅನ್ವಯಿಸುವುದಿಲ್ಲ.

‘ವಿಶ್ವಸಂಸ್ಥೆ ಆದೇಶ’ ಎಂಬ ಸಂದೇಶ ಮತ್ತೆ ಬಂದರೆ, ಹೇಳಿದ್ದು ಸಮಿತಿಯೋ ನ್ಯಾಯಾಲಯವೋ, ಕಾನೂನು ಬದಲಿಸಿದ್ದು ಯಾರು ಎಂದು ಮೊದಲು ನೋಡಿ. ಫಾರ್ವರ್ಡ್ ಮಾಡುವುದೇ ಆದರೆ, ತಾಯಿಯ ಜೀವದ ಬಗ್ಗೆ ನಮ್ಮ ಕಾನೂನು ಹೇಳುವ ಮಾತನ್ನು ಮಾಡಿ. ಯಾರಿಗಾದರೂ ಸಮಯಕ್ಕೆ ಉಪಯೋಗವಾದೀತು.