ಬಣ್ಣ ಸಾಕೇ, ಗೋಡೆ ಒಡೆಯಬೇಕೇ? ಗುಬ್ಬಿಯ ಹಳೆಯ ಮನೆಯೊಂದರ ಒಳಗೆ

ತುಮಕೂರಿನಿಂದ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಬಂದರೆ ಗುಬ್ಬಿ. ಊರಿನ ಹಳೆಯ ಬೀದಿಯೊಂದರಲ್ಲಿ, ಎರಡು ಹೊಸ ಮೌಲ್ಡ್ ಮನೆಗಳ ನಡುವೆ, ಹೆಂಚಿನ ಮನೆಯೊಂದಿದೆ. ಮನೆಯವರು ಕೂಡಿಟ್ಟ ದುಡ್ಡು ಸ್ವಲ್ಪ ಇದೆ, ಸಾಲ ಮಾಡಲು ಮನಸ್ಸಿಲ್ಲ. ಬಣ್ಣ ಬಳಿಸಿ ಟೈಲ್ಸ್ ಹಾಕಿಸಿದರೆ ಸಾಕೇ, ಇಲ್ಲ ಗೋಡೆ ಒಡೆದು ಒಳಗನ್ನೇ ಬದಲಿಸಬೇಕೇ ಎಂದು ಕೇಳಲು ಮೇಸ್ತ್ರಿಯನ್ನು ಕರೆಸಿದ್ದರು. ಅವರ ಹಿಂದೆ ನಾನೂ ಒಳಗೆ ಹೋದೆ.

ಜಗಲಿ ಹತ್ತುವಾಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರು ಮೆಟ್ಟಿಲಿರಬೇಕಾದ ಕಡೆ ಒಂದೂವರೆ ಮೆಟ್ಟಿಲು ಉಳಿದಿದೆ. ಬೀದಿಗೆ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಬಿದ್ದು ರಸ್ತೆ ಎತ್ತರವಾಗಿದೆ, ಮನೆ ಮಾತ್ರ ಇದ್ದಲ್ಲೇ ಇದೆ. ಜಗಲಿಯ ಗೋಡೆಯಲ್ಲಿ ಸೊಂಟದ ಎತ್ತರದವರೆಗೆ ಬಣ್ಣ ಉಬ್ಬಿದೆ. ಬೆರಳಿನಿಂದ ಒತ್ತಿದರೆ ಪದರ ಉದುರಿ ಬಿಳಿ ಉಪ್ಪು ಕೈಗೆ ಹತ್ತುತ್ತದೆ. ಹಿಂದೆ ಯಾರೋ ಇದೇ ಜಾಗಕ್ಕೆ ಸಿಮೆಂಟ್ ಪ್ಲಾಸ್ಟರಿಂಗ್ ಮಾಡಿಸಿದ್ದಾರೆ. ಈಗ ತೇವ ಆ ಸಿಮೆಂಟಿನ ಪಟ್ಟಿಯನ್ನೂ ದಾಟಿ ಮೇಲೆ ಹೋಗಿದೆ.

ಇದು ಮಣ್ಣಿನ ಗಾರೆಯಲ್ಲಿ ಕಟ್ಟಿ, ಸುಣ್ಣ ಬಳಿದ ಗೋಡೆ. ಇಂಥ ಗೋಡೆ ನೆಲದಿಂದ ನೀರು ಹೀರುತ್ತದೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು, ಪುಟ್ಟಿ, ಪ್ಲಾಸ್ಟಿಕ್ ಪೇಂಟು ಬಿದ್ದ ಮೇಲೆ ಹೀರುವುದು ನಿಲ್ಲುವುದಿಲ್ಲ, ಬಿಡುವುದು ನಿಲ್ಲುತ್ತದೆ. ಆಮೇಲೆ ಎಷ್ಟು ಬೆಲೆಯ ಬಣ್ಣ ತಂದರೂ ಮಳೆಗಾಲ ಮುಗಿಯುವಷ್ಟರಲ್ಲಿ ಉಬ್ಬುತ್ತದೆ. ಈ ನೀರು ಬುನಾದಿಯಿಂದಲೇ ಏರಿದ್ದೋ, ಎತ್ತರವಾದ ರಸ್ತೆಯ ಚರಂಡಿಯಿಂದ ಒಸರಿದ್ದೋ ನನಗೆ ಖಚಿತವಾಗಲಿಲ್ಲ. ಚರಂಡಿಯ ಕಡೆಯ ಮೂಲೆಯಲ್ಲಿ ಕಲೆ ಹೆಚ್ಚಾಗಿರುವುದನ್ನು ನೋಡಿದರೆ ಎರಡನೆಯದೇ ಇರಬೇಕು. ಮೇಸ್ತ್ರಿಯೂ ಅತ್ತಲೇ ಬೆರಳು ತೋರಿಸಿದರು.

ಬಾಗಿಲು ದಾಟಿದರೆ ಪಡಸಾಲೆ. ನೆಲ ರೆಡ್ ಆಕ್ಸೈಡಿನದು. ಓಡಾಡುವ ದಾರಿಯಲ್ಲಿ ಮಾಸಿದೆ, ಒಂದೆರಡು ಕಡೆ ಸಣ್ಣ ಬಿರುಕಿದೆ, ಉಳಿದಂತೆ ಕಾಲಿಗೆ ತಂಪಾಗಿ ನುಣುಪಾಗಿದೆ. ಮನೆಯ ಮಗನಿಗೆ ಇದರ ಮೇಲೆ ದೊಡ್ಡ ಟೈಲ್ಸ್ ಹಾಕಿಸುವ ಆಸೆ. ಹಳೆಯ ನೆಲದ ಮೇಲೆ ಗಾರೆ ಹರಡಿ ಟೈಲ್ಸ್ ಕೂರಿಸಿದರೆ ನೆಲ ಎರಡು ಇಂಚು ಮೇಲೆ ಬರುತ್ತದೆ. ಆಗ ಹೊಸ್ತಿಲು ಹೂತುಹೋಗುತ್ತದೆ, ಬಾಗಿಲುಗಳ ಕೆಳಗೆ ಕೊಯ್ಯಬೇಕಾಗುತ್ತದೆ. ಶುಕ್ರವಾರ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುವ ಅವರ ಅಮ್ಮ ಮಾತು ಮುಗಿಯುವ ಮೊದಲೇ ಬೇಡ ಅಂದರು. ನನಗೂ ಅದೇ ಸರಿ ಎನಿಸಿತು. ಈ ನೆಲಕ್ಕೆ ಬೇಕಿರುವುದು ಬಿರುಕು ತುಂಬಿಸಿ ಪಾಲಿಶ್ ಮಾಡಿಸುವಷ್ಟು ಕೆಲಸ.

ನಡುಮನೆಗೆ ಬಂದ ಮೇಲೆ ಮೇಸ್ತ್ರಿ ಗೋಡೆ ಬಿಟ್ಟು ತಲೆ ಎತ್ತಿದರು. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತಯಾರಿಕೆ ಶುರುವಾದ ಈ ಹೆಂಚು ಘಟ್ಟ ಹತ್ತಿ ಬಯಲುಸೀಮೆಯ ಊರೂರಿಗೂ ಬಂದಿತ್ತು. ಹೆಂಚು ಒಡೆದರೆ ತೆಗೆದು ಬೇರೆಯದು ಹಾಕಬಹುದು, ಅದು ಅರ್ಧ ದಿನದ ಕೆಲಸ. ಅದನ್ನು ಹೊತ್ತ ಮರದ ವಿಷಯ ಬೇರೆ. ಮೇಸ್ತ್ರಿ ಏಣಿ ಹತ್ತಿ ತೊಲೆಗಳನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚುತ್ತಾ ಹೋದರು. ಎಲ್ಲ ಕಡೆ ಟಣ್ ಎಂದು ಗಟ್ಟಿ ಸದ್ದು. ಹಿಂದಿನ ಗೋಡೆಯೊಳಗೆ ಸೇರುವ ಒಂದು ತೊಲೆಯ ತುದಿಯಲ್ಲಿ ಮಾತ್ರ ಮೊನೆ ಒಂದು ಇಂಚು ಸಲೀಸಾಗಿ ಒಳಗಿಳಿಯಿತು. ಗೆದ್ದಲು. ಗೋಡೆಯೊಳಗೆ ಎಷ್ಟು ದೂರ ತಿಂದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆ ತುದಿಗೂ ಹೋದ ವರ್ಷವಷ್ಟೇ ಬಳಿದ ಹೊಳೆಯುವ ಬಣ್ಣವಿತ್ತು.

ಅಲ್ಲಿಂದ ಅಟ್ಟ. ಗುಬ್ಬಿ, ತಿಪಟೂರು ಸೀಮೆಯ ಮನೆಗಳನ್ನು ಬೇರೆ ಕಡೆಯ ಲೆಕ್ಕದಲ್ಲಿ ಅಳೆಯಲಾಗದು ಎಂದು ನನಗೆ ತಿಳಿದದ್ದು ಈ ಅಟ್ಟ ನೋಡಿದ ಮೇಲೆ. ಅಡಿಕೆ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿ, ಅದರ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ ಹರಡಿದ್ದಾರೆ. ಉಂಡೆ ಕೊಬ್ಬರಿಯಾಗಲು ಕಾಯಿ ಹತ್ತು ಹನ್ನೊಂದು ತಿಂಗಳು ಹೀಗೇ ನೆರಳಲ್ಲಿ ಕೂರಬೇಕು. ಕೆಳಗಿನಿಂದ ಗಾಳಿ ಆಡಬೇಕು, ಒಲೆಯ ಶಾಖ ಸ್ವಲ್ಪ ತಾಗಿದರೆ ಒಳ್ಳೆಯದು. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗುವವರೆಗೆ ಇಳಿಸುವಂತಿಲ್ಲ.

ಮಗ ಈ ಅಟ್ಟವನ್ನು ಮಲಗುವ ಕೋಣೆ ಮಾಡಬೇಕೆಂದಿದ್ದಾರೆ. ಒಂದು ಕಾಯಿ ಒಂದು ಕಿಲೋ ಎಂದಿಟ್ಟುಕೊಂಡರೂ ಎರಡು ಸಾವಿರ ಕಾಯಿಗೆ ಎರಡು ಟನ್ ಆಯಿತು. ಅಷ್ಟು ಹೊತ್ತ ಅಟ್ಟ ಮಂಚ ಬೀರು ಹೊರಲಾರದೇ ಎಂದು ಅವರ ವಾದ. ಆದರೆ ಕಾಯಿಯ ಭಾರ ಅಟ್ಟದ ತುಂಬ ಹರಡಿರುತ್ತದೆ, ಬೀರು ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ; ಆ ಭಾರವನ್ನು ದಬ್ಬೆ ತಡೆಯದು. ಮಲಗುವ ಕೋಣೆ ಎಂದರೆ ದಬ್ಬೆಯ ಸಂದು ಮುಚ್ಚಿ ಹಲಗೆ ಹೊಡೆಯಬೇಕು, ಹೆಂಚಿನ ಕೆಳಗೆ ಸೀಲಿಂಗ್ ಹಾಕಬೇಕು, ಏಣಿಯ ಜಾಗಕ್ಕೆ ಮೆಟ್ಟಿಲು ಬರಬೇಕು. ಅದು ಮನೆಯ ಕಟ್ಟೋಣವನ್ನೇ ಬದಲಿಸುವ ಕೆಲಸ. ಅದಕ್ಕಿಂತ ಹೆಚ್ಚಾಗಿ, ಕೊಬ್ಬರಿಗೆ ಬೇರೆ ಜಾಗ ಎಲ್ಲಿ ಎಂಬುದು ಮೊದಲು ತೀರ್ಮಾನವಾಗಬೇಕು.

ಅಟ್ಟದ ಕೆಳಗೇ ಅಡುಗೆಮನೆ. ಸೊಸೆಗೆ ಅಡುಗೆಮನೆ ಮತ್ತು ನಡುಮನೆಯ ನಡುವಿನ ಗೋಡೆ ತೆಗೆಸಬೇಕು. ಬೆಳಕಿಲ್ಲ, ಒಬ್ಬರೇ ನಿಂತು ಬೇಯಿಸುವಾಗ ಯಾರ ಮುಖವೂ ಕಾಣುವುದಿಲ್ಲ ಎಂದರು. ಬೇಡಿಕೆ ನ್ಯಾಯವಾದದ್ದು. ತುಮಕೂರಿನ ಹೊಸ ಬಡಾವಣೆಗಳಲ್ಲಿ ಪಿಲ್ಲರ್, ಬೀಮಿನ ಮೇಲೆ ನಿಂತ ಮನೆಗಳಿವೆ. ಅಲ್ಲಿ ನಾಲ್ಕೂವರೆ ಇಂಚಿನ ಅಡ್ಡಗೋಡೆಯನ್ನು ಎಂಜಿನಿಯರ್‌ಗೆ ತೋರಿಸಿ ತೆಗೆಸಬಹುದು. ಇಲ್ಲಿ ಒಂದೂವರೆ ಅಡಿ ದಪ್ಪದ ಗೋಡೆ ಅಟ್ಟದ ತೊಲೆಗಳನ್ನು ಹೊತ್ತಿದೆ. ಕಲ್ಲುಚಪ್ಪಡಿ ಸೂರಿನ ಮನೆಗಳಲ್ಲಿ ಇನ್ನೂ ಕಷ್ಟ. ಚಪ್ಪಡಿಯ ಎರಡು ತುದಿ ಎರಡು ಗೋಡೆಯ ಮೇಲೆ ಕೂತಿರುತ್ತವೆ, ಮರದ ಹಾಗೆ ಕಲ್ಲು ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಮುರಿಯುತ್ತದೆ. ಮೇಸ್ತ್ರಿ ಬೇರೆ ದಾರಿ ಹೇಳಿದರು: "ಗೋಡೆ ಇರ್ಲಿ ಅಮ್ಮ, ನಾಲ್ಕಡಿ ಅಗಲ ಕಿಂಡಿ ತೆಗೆದು ಮೇಲೆ ಲಿಂಟಲ್ ಕೊಡ್ತೀನಿ. ಬೆಳಕೂ ಬರ್ತದೆ, ಮಾತೂ ಕೇಳ್ತದೆ." ಸೊಸೆ ತಕ್ಷಣ ಒಪ್ಪಲಿಲ್ಲ. ಆರಡಿ ಆಗದೇ ಎಂದು ಕೇಳಿದರು. ಎಂಜಿನಿಯರ್ ನೋಡದೆ ಹೇಳಲಾರೆ ಎಂದರು ಮೇಸ್ತ್ರಿ. ಆ ಉತ್ತರ ನನಗೆ ಹಿಡಿಸಿತು.

ಬಚ್ಚಲಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಂಡೆ ಒಲೆ ಇದೆ, ಪಕ್ಕದಲ್ಲೇ ಗೀಸರ್ ಇದೆ. ಗೀಸರಿನ ತಂತಿ ಹಳೆಯ ಮರದ ಪಟ್ಟಿಯ ಮೇಲೆ ಓಡಿದೆ, ಅರ್ಥಿಂಗ್ ಕಾಣಲಿಲ್ಲ. ಬೇರೆ ಯಾವ ಕೆಲಸ ಬಿಟ್ಟರೂ ಇದನ್ನು ಬಿಡುವಂತಿಲ್ಲ. ನಲ್ಲಿಯ ಪೈಪು ಹಿಂದಿನ ಗೋಡೆಯೊಳಗೆ ಹೋಗಿದೆ, ಗೋಡೆಯ ಆಚೆ ಬದಿ ಒದ್ದೆಯಾಗಿದೆ. ಗೆದ್ದಲು ಹಿಡಿದ ತೊಲೆ ಕೂತಿರುವುದು ಇದೇ ಗೋಡೆಯ ಮೇಲೆ.

ಹಿತ್ತಲಿಗೆ ಬಂದು ಎಲ್ಲರೂ ಬಾವಿಕಟ್ಟೆಯ ಮೇಲೆ ಕೂತ ಮೇಲೆ ಲೆಕ್ಕ ಸುಲಭವಾಯಿತು. ಮುಂದಿನ ಅರ್ಧ ಮನೆಗೆ ಒಡೆಯುವ ಕೆಲಸ ಬೇಡ: ಸಿಮೆಂಟು ಕೆತ್ತಿ, ಗೋಡೆ ಒಣಗಲು ಬಿಟ್ಟು, ಸುಣ್ಣದ ಗಾರೆ ಮಾಡಿಸಿ ಸುಣ್ಣವನ್ನೇ ಬಳಿದರೆ ಸಾಕು. ಹಿಂದಿನ ಅರ್ಧದಲ್ಲಿ ಪೈಪು, ತಂತಿ, ತೊಲೆ, ಕಿಂಡಿ, ಎಲ್ಲವೂ ಆಗಬೇಕು. ಅದಕ್ಕೆ ನಕ್ಷೆ ಬೇಕು, ಪಟ್ಟಣ ಪಂಚಾಯಿತಿಯಲ್ಲಿ ಪರವಾನಗಿ ವಿಚಾರಿಸಬೇಕು. ದುಡ್ಡು ಮೊದಲು ಅಲ್ಲಿಗೇ ಹೋಗಬೇಕು. ಟೈಲ್ಸ್ ಅಂಗಡಿಗೆ ಈಗಲೇ ಹೋಗುವುದರಲ್ಲಿ ಅರ್ಥವಿಲ್ಲ. ಅಟ್ಟದ ಕೋಣೆಯ ಮಾತು ಈ ಸಲಕ್ಕೆ ಬಿಟ್ಟರು.

ಯಾವಾಗ ಶುರು ಎಂದು ಮೇಸ್ತ್ರಿ ಕೇಳಿದರು. ಅಮ್ಮ ಒಳಗೆ ಹೋಗಿ ಅಟ್ಟದಿಂದ ಒಂದು ಕಾಯಿ ತೆಗೆದು ತಂದು, ಕಿವಿಯ ಬಳಿ ಅಲ್ಲಾಡಿಸಿ, "ಇನ್ನೂ ನೀರದೆ. ಯುಗಾದಿ ಕಳೀಲಿ" ಅಂದರು. ಕಾಯಿ ಇಳಿಯದೆ ತೊಲೆ ಬಿಚ್ಚುವಂತಿಲ್ಲ. ಅಲ್ಲಿಯವರೆಗೆ ತೊಲೆಯ ಕೆಳಗೆ ಒಂದು ಊರುಗಂಬ ಕೊಡುವುದು, ನಲ್ಲಿಯ ಪೈಪು ಬಂದ್ ಮಾಡಿ ಹೊರಗಿನಿಂದ ಬೇರೆ ಎಳೆಯುವುದು, ಅರ್ಥಿಂಗ್ ಆಗುವವರೆಗೆ ಗೀಸರ್ ಹಚ್ಚದಿರುವುದು ಎಂದು ತೀರ್ಮಾನವಾಯಿತು. ಊರುಗಂಬಕ್ಕೆ ಅಳತೆ ಹಿಡಿಯಲು ಮೇಸ್ತ್ರಿ ಮತ್ತೆ ಒಳಗೆ ಹೋದರು.