ಹೊಟ್ಟೆಯ ತೊಳಲಾಟ, ಮನೆಯೊಳಗಿನ ಮುನಿಸು

ಮದುವೆಮನೆಗೆ ಹೋದರೂ ಊಟಕ್ಕೆ ಕೂರುವುದಿಲ್ಲ. ಯಲ್ಲಾಪುರದಿಂದ ಹುಬ್ಬಳ್ಳಿಗೆ ಬಸ್ಸು ಹತ್ತಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಉಪವಾಸ. ಬೆಳಿಗ್ಗೆ ತೋಟಕ್ಕೆ ಹೊರಡುವ ಮೊದಲು ಮೂರು ನಾಲ್ಕು ಸಲ ಪಾಯಿಖಾನೆ. ಆದರೂ ಹೊಟ್ಟೆ ಖಾಲಿಯಾದ ಸಮಾಧಾನವಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವೈದ್ಯರಿಗೆ ಇಂಥ ರೋಗಿಗಳು ಹೊಸಬರಲ್ಲ. 'ಹಳೆಯ ಆಮಶಂಕೆ' ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಅನೇಕರಿಗೆ ಇರುವುದು ಇರಿಟೆಬಲ್ ಬವೆಲ್ ಸಿಂಡ್ರೋಮ್, ಅಂದರೆ ಐ.ಬಿ.ಎಸ್.

ಏನಿದು?

2016ರಲ್ಲಿ ಪರಿಷ್ಕರಿಸಿದ 'ರೋಮ್' ಮಾನದಂಡದಂತೆ, ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಸರಾಸರಿ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ನೋವಿಗೂ ಮಲವಿಸರ್ಜನೆಗೂ ನಂಟು, ಮಲವಿಸರ್ಜನೆಯ ಸಂಖ್ಯೆಯಲ್ಲಿ ವ್ಯತ್ಯಾಸ, ಮಲದ ಸ್ವರೂಪದಲ್ಲಿ ವ್ಯತ್ಯಾಸ, ಈ ಮೂರರಲ್ಲಿ ಎರಡು ಜೊತೆಗಿರಬೇಕು. ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಮಿದುಳು ಮತ್ತು ಕರುಳಿನ ನಡುವಿನ ನರಗಳ ಸಂಪರ್ಕ ಹದ ತಪ್ಪಿರುತ್ತದೆ. ಬೇರೆಯವರ ಗಮನಕ್ಕೂ ಬಾರದಷ್ಟು ವಾಯು ಇವರಿಗೆ ನೋವಾಗಿ ಕಾಡುತ್ತದೆ. ಆದ್ದರಿಂದ ರಿಪೋರ್ಟ್ ಸರಿಯಿದೆ ಎಂದ ಮಾತ್ರಕ್ಕೆ ರೋಗಿ ನಾಟಕ ಮಾಡುತ್ತಿದ್ದಾನೆ ಎಂದರ್ಥವಲ್ಲ.

ಸಂಬಂಧಗಳ ಮೇಲಿನ ಹೊರೆ

ಈ ಕಾಯಿಲೆ ಜೀವ ತೆಗೆಯುವುದಿಲ್ಲ, ಸಂಸಾರದ ನೆಮ್ಮದಿ ಕೆಡಿಸುತ್ತದೆ. ಗಂಡ ನೆಂಟರ ಮನೆಗೆ ಬರಲೊಲ್ಲ. ತನ್ನ ತವರಿನವರೆಂದರೆ ಇವರಿಗೆ ತಾತ್ಸಾರ ಎಂದು ಹೆಂಡತಿ ನೊಂದುಕೊಳ್ಳುತ್ತಾಳೆ. ಕೂಡು ಕುಟುಂಬದ ಸೊಸೆ ನಾಚಿಕೆಯಿಂದ ಯಾರಿಗೂ ಹೇಳಲಾರಳು. ಮಾಡಿದ ಅಡಿಗೆ ಉಣ್ಣುವುದಿಲ್ಲವೆಂದು ಅತ್ತೆಯ ಮುನಿಸು. ಹೊಟ್ಟೆಯುಬ್ಬರ, ನೋವುಗಳಿಂದ ದಾಂಪತ್ಯದ ಸಲಿಗೆಯೂ ತಗ್ಗುತ್ತದೆ. ಮನಸ್ತಾಪದಿಂದ ಆತಂಕ, ಆತಂಕದಿಂದ ಕರುಳಿನ ಸೆಳೆತ, ಅದರಿಂದ ಮತ್ತಷ್ಟು ಮನಸ್ತಾಪ. ಈ ಚಕ್ರವನ್ನು ಮಾತ್ರೆಯೊಂದೇ ಮುರಿಯಲಾರದು.

ಮಾತಿನ ಚಿಕಿತ್ಸೆ

ಇದು ಬುದ್ಧಿವಾದವಲ್ಲ, 'ಹುಚ್ಚಿನ ಔಷಧ'ವೂ ಅಲ್ಲ. ಯಾವ ಸಂದರ್ಭದಲ್ಲಿ, ಯಾವ ಯೋಚನೆ ಬಂದಾಗ ಹೊಟ್ಟೆ ಕೆರಳುತ್ತದೆಂದು ರೋಗಿ ಬರೆದಿಡುತ್ತಾನೆ. 'ಬಸ್ಸಿನಲ್ಲಿ ಖಂಡಿತ ಮಾನ ಹೋಗುತ್ತದೆ' ಎಂಬಂಥ ಭಯವನ್ನು ಸಲಹೆಗಾರರೊಂದಿಗೆ ಕುಳಿತು ಒರೆಗೆ ಹಚ್ಚುತ್ತಾನೆ. ಮೊದಲು ಹತ್ತಿರದ ಊರಿಗೆ, ಆಮೇಲೆ ಘಟ್ಟ ಇಳಿದು ಕುಮಟೆಗೆ, ಹೀಗೆ ಹಂತಹಂತವಾಗಿ ಧೈರ್ಯ ಕೂಡಿಸಿಕೊಳ್ಳುತ್ತಾನೆ. ನಿಧಾನವಾದ ಉಸಿರಾಟದ ಅಭ್ಯಾಸವೂ ಇದರಲ್ಲಿ ಸೇರಿದೆ. ಗಂಡ ಹೆಂಡಿರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವುದೂ ಉಂಟು.

ಚಿಕಿತ್ಸೆ ಪಡೆದೂ ಗುಣ ಕಾಣದಿದ್ದ 558 ಮಂದಿಯ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಫೋನಿನಲ್ಲಿ ಅಥವಾ ಇಂಟರ್ನೆಟ್ಟಿನಲ್ಲಿ ಈ ಚಿಕಿತ್ಸೆ ಪಡೆದವರು, ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಿಗಿಂತ ವರ್ಷದ ಕೊನೆಗೆ ಹೆಚ್ಚು ಸುಧಾರಿಸಿದ್ದರು. ಪೇಟೆಯಿಂದ ದೂರವಿರುವ ನಮ್ಮ ಮಲೆನಾಡಿನ ಒಂಟಿಮನೆಗಳವರಿಗೆ ಇದು ಆಶಾದಾಯಕ ಸಂಗತಿ.

ಮನೆಯವರಿಗೆ ಒಂದು ಮಾತು: 'ಎಲ್ಲ ನಿನ್ನ ಮನಸ್ಸಿನ ಭ್ರಮೆ' ಎನ್ನಬೇಡಿ. ಹೊಟ್ಟೆಯ ಬಗ್ಗೆ ಗಂಟೆಗೊಮ್ಮೆ ವಿಚಾರಿಸಲೂ ಬೇಡಿ. ಎರಡರಿಂದಲೂ ಆತಂಕ ಹೆಚ್ಚುತ್ತದೆ. ರೋಗಿಯೂ ಅಷ್ಟೇ, ನೆಪ ಹೇಳಿ ತಪ್ಪಿಸಿಕೊಳ್ಳುವ ಬದಲು ಇರುವ ತೊಂದರೆಯನ್ನು ಬಾಯಿಬಿಟ್ಟು ಹೇಳಬೇಕು.

ಎಚ್ಚರಿಕೆ

ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಯಾವುದಿದ್ದರೂ ಐ.ಬಿ.ಎಸ್. ಎಂದು ಸುಮ್ಮನಿರಬೇಡಿ. ಮೊದಲು ತಪಾಸಣೆ ಆಗಲಿ.

ಆಪ್ತ ಸಲಹೆಗಾಗಿ ನಿಮ್ಮ ವೈದ್ಯರ ಪತ್ರದೊಂದಿಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗೆ ಹೋಗಬಹುದು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಔಷಧವನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.