ಕೊಬ್ಬರಿ ಗಿಟುಕಿನ ಮೇಲೆ ವಿಮಾನದ ಹಾದಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಿಂದ ಹೊರಟು ಅಮೆರಿಕದಲ್ಲಿ ನೆಲಸಿದವರು ಇಂದು ಅಪರೂಪವಲ್ಲ. ಅಂಥ ಮನೆಯೊಂದರಲ್ಲಿ ದಾರಿ ಕಾಯುವ ತಾಯಿಗೆ, ಮಗಳು ಸ್ಯಾನ್ ಫ್ರಾನ್ಸಿಸ್ಕೋವಿನಲ್ಲಿ ಶನಿವಾರ ರಾತ್ರಿ ವಿಮಾನವೇರಿ ಬೆಂಗಳೂರಿನಲ್ಲಿ ಸೋಮವಾರ ಬೆಳಗಿನ ಜಾವ ಇಳಿಯುವಳೆಂದು ತಿಳಿಸಿದರೆ, "ಎರಡು ರಾತ್ರಿ, ಒಂದು ಹಗಲು ಆಕಾಶದಲ್ಲಿಯೇ ಇರಬೇಕೆ?" ಎಂದು ಆಕೆ ಕಳವಳಪಡುವುದು ಸಹಜ. ಉತ್ತರವನ್ನು ಹುಡುಕಲು ದುಂಡನೆಯ ಕೊಬ್ಬರಿ ಗಿಟುಕೊಂದು, ಎರಡು ಗುಂಡುಸೂಜಿ, ಒಂದು ದಾರ ಸಾಕು.

ಗಿಟುಕನ್ನು ಭೂಗೋಳವೆಂದು ಭಾವಿಸೋಣ. ಕಣ್ಣಿನ ತುದಿ ಉತ್ತರಧ್ರುವ. ನಡುವಿನ ಸುತ್ತು ಭೂಮಧ್ಯರೇಖೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ 38ರ ಸಮೀಪದಲ್ಲಿದೆ. ರೇಖಾಂಶಗಳ ಅಂತರ ಸುಮಾರು 160 ಡಿಗ್ರಿಯಾದುದರಿಂದ ಎರಡನೆಯ ಸೂಜಿ ಬಹುಮಟ್ಟಿಗೆ ಗಿಟುಕಿನ ಹಿಂಬದಿಗೆ ಬೀಳುತ್ತದೆ. ಈಗ ದಾರವನ್ನು ಬಿಗಿಯಾಗಿ ಎಳೆಯಿರಿ. ಭೂಪಟ ನೋಡಿ ನಾವು ಊಹಿಸುವಂತೆ ಅದು ಪೆಸಿಫಿಕ್ ಸಾಗರದ ನಡುವೆ ಹಾಯುವುದಿಲ್ಲ. ಸೈಬೀರಿಯದ ಮೇಲೆ, ಗಿಟುಕಿನ ಹೆಗಲನ್ನು ಬಳಸಿ ಸಾಗುತ್ತದೆ. ಗೋಳದ ಮೇಲಿನ ಈ ಅತಿ ಹತ್ತಿರದ ದಾರಿ ಒಂದು ಮಹಾವೃತ್ತದ ಭಾಗ. ಇದರ ಉದ್ದ ಸುಮಾರು 14,000 ಕಿಲೋಮೀಟರ್.

ಧ್ರುವದ ಮೇಲೆಯೇ ಹೋದರೆ? ಬೆಂಗಳೂರಿನಿಂದ ಧ್ರುವಕ್ಕೆ 77 ಡಿಗ್ರಿ, ಅಲ್ಲಿಂದಾಚೆಗೆ 52, ಒಟ್ಟು 129. ಒಂದು ಡಿಗ್ರಿಗೆ 111 ಕಿಲೋಮೀಟರಿನಂತೆ 14,319. ಹೆಚ್ಚಿದ್ದು ಮುನ್ನೂರು ಚಿಲ್ಲರೆ ಮಾತ್ರ!

ಹೆಚ್ಚು ದೂರವಾದರೂ ಈ ಹಾದಿಯನ್ನು ಹಿಡಿಯಲು ಗಾಳಿಯೇ ಕಾರಣ. ಪೆಸಿಫಿಕ್ ಸಾಗರದ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಗಾಳಿ ಹರಿಯುತ್ತಿರುತ್ತದೆ. ಗಂಟೆಗೆ 900 ಕಿಲೋಮೀಟರ್ ಹಾರುವ ವಿಮಾನಕ್ಕೆ 100ರ ವೇಗದ ಗಾಳಿ ಎದುರಾದರೆ ನೆಲದ ಲೆಕ್ಕದಲ್ಲಿ ಉಳಿಯುವುದು 800. ಆಗ 14,000 ಕಿಲೋಮೀಟರಿಗೆ ಹದಿನೈದೂವರೆ ಗಂಟೆಯ ಬದಲು ಹದಿನೇಳೂವರೆ ಗಂಟೆ ಬೇಕು; ಎರಡು ಗಂಟೆಯ ಇಂಧನವನ್ನೂ ಹೆಚ್ಚಾಗಿ ಹೊರಬೇಕು. ಆದುದರಿಂದ ದೂರದ ದಾರಿಯೇ ಕೆಲವೊಮ್ಮೆ ಬೇಗನೆ ಮುಗಿಯುತ್ತದೆ.

2021ರ ಜನವರಿ 9ರಂದು, ಶನಿವಾರ ರಾತ್ರಿ ಎಂಟೂವರೆಗೆ, ಏರ್ ಇಂಡಿಯಾದ ಬೋಯಿಂಗ್ 777 ವಿಮಾನವು ಸ್ಯಾನ್ ಫ್ರಾನ್ಸಿಸ್ಕೋವನ್ನು ಬಿಟ್ಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರೇ, ಅದನ್ನು ಉತ್ತರಧ್ರುವದ ಮೇಲೆ ನಡೆಸಿ, ಸೋಮವಾರ ಬೆಳಗಿನ ಜಾವ 3 ಗಂಟೆ 7 ನಿಮಿಷಕ್ಕೆ ಬೆಂಗಳೂರಿನಲ್ಲಿ ಇಳಿಸಿದರು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಹೊರಟಾಗ ನಮ್ಮಲ್ಲಿ ಭಾನುವಾರ ಬೆಳಗಿನ ಹತ್ತು ಗಂಟೆ. ಪ್ರಯಾಣಕ್ಕೆ ಹಿಡಿದದ್ದು ಹದಿನೇಳು ಗಂಟೆಯಷ್ಟೆ.

ತಾಯಿಯ ಪ್ರಶ್ನೆ ಇನ್ನೂ ಉಳಿದಿದೆ: ಎಷ್ಟು ರಾತ್ರಿ, ಎಷ್ಟು ಹಗಲು? ಜನವರಿಯಲ್ಲಿ ಧ್ರುವಪ್ರದೇಶದಲ್ಲಿ ಸೂರ್ಯ ಮೂಡುವುದೇ ಇಲ್ಲ. ವಿಮಾನ ಕತ್ತಲಲ್ಲಿ ಹೊರಟು, ಧ್ರುವದ ಕತ್ತಲನ್ನು ಹೊಕ್ಕು, ಅದನ್ನು ದಾಟಿ ಬರುವಷ್ಟರಲ್ಲಿ ಏಷ್ಯದಲ್ಲಿಯೂ ಸೂರ್ಯ ಮುಳುಗಿದ್ದನು. ಆ ಪ್ರಯಾಣಿಕರಿಗೆ ಭಾನುವಾರದ ಹಗಲು ಇರಲೇ ಇಲ್ಲ. "ಅಮ್ಮ, ಎರಡಲ್ಲ, ಒಂದೇ ರಾತ್ರಿ, ತುಸು ಉದ್ದದ್ದು, ಅಷ್ಟೆ" ಎಂದು ಗಿಟುಕನ್ನು ಮುಂದಿಟ್ಟು ಹೇಳಬಹುದು.